ಕನ್ನಡ ಮೀಡಿಯಂನಿಂದ ಪ್ಲಸ್ ವನ್ ಸೈನ್ಸ್‌ಗೆ: ಬದಿಯಡ್ಕ ಕಡೆಯ ಒಂದು ಟ್ಯೂಷನ್ ಬಗ್ಗೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದರೆ ನಮ್ಮ ಕಾಸರಗೋಡಿನಲ್ಲಿ ಮನೆಮನೆಯಲ್ಲೂ ಒಂದೇ ಮಾತು. ಸೈನ್ಸ್ ತಗೊಳ್ಳುವುದಾ ಬೇಡವಾ, ತಗೊಂಡರೆ ಬಯೋ ಮ್ಯಾಥ್ಸಾ ಕಂಪ್ಯೂಟರ್ ಸೈನ್ಸಾ, ಟ್ಯೂಷನ್‌ಗೆ ಎಲ್ಲಿ ಹಾಕುವುದು. ನನ್ನ ತಮ್ಮ ಪ್ಲಸ್ ವನ್, ಪ್ಲಸ್ ಟು (ಹನ್ನೊಂದು, ಹನ್ನೆರಡನೇ ಕ್ಲಾಸ್) ಎರಡೂ ವರ್ಷ ಹೋದ ಟ್ಯೂಷನ್ ಬಗ್ಗೆ ತುಂಬಾ ಜನ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ. ನಾನೂ ಕನ್ನಡ ಮೀಡಿಯಂನಲ್ಲಿ ಹತ್ತು ಮುಗಿಸಿ ಸೈನ್ಸ್ ಓದಿದವಳು, ಆಮೇಲೆ ಫಿಸಿಕ್ಸ್‌ನಲ್ಲೇ ಡಿಗ್ರಿ ಮಾಡಿದವಳು. ಹಾಗಾಗಿ ಅಲ್ಲಿ ಏನು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಅಂತ ಸ್ವಲ್ಪ ಹತ್ತಿರದಿಂದಲೇ ನೋಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಮೀಡಿಯಂನಿಂದ ಬಂದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರನ್ನೂ ತಲೆ ಮೇಲೆ ಹೊತ್ತುಕೊಳ್ಳುವ ಮಕ್ಕಳಿಗೆ ಇದು ತುಂಬಾ ಒಳ್ಳೆಯ ಜಾಗ. ಬಯಾಲಜಿಗೆ ಸುಮಾರು. ನೀಟ್‌ನಲ್ಲಿ ರ‍್ಯಾಂಕ್ ಬೇಕು ಅಂತಲೇ ಹೊರಟವರಿಗೆ ಇದಷ್ಟೇ ಸಾಲದು.

ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ ಹೋಗಬೇಕು. ಬೋರ್ಡ್ ಇಲ್ಲ, ಹೆಸರೂ ಇಲ್ಲ. ಮಾಷ್ಟ್ರ ಟ್ಯೂಷನ್ ಅಂತಲೇ ಎಲ್ಲರೂ ಹೇಳುವುದು. ಮನೆಯ ಮಹಡಿಯಲ್ಲಿ ಒಂದು ಉದ್ದದ ಕೋಣೆ, ಮೇಲೆ ಶೀಟು, ಗೋಡೆಗೆ ದೊಡ್ಡ ಕರಿಹಲಗೆ. ಮಾಷ್ಟ್ರು ಹೈಯರ್ ಸೆಕೆಂಡರಿಯಲ್ಲಿ ಕಲಿಸಿ ರಿಟೈರ್ ಆದವರು, ಫಿಸಿಕ್ಸ್ ಮತ್ತು ಮ್ಯಾಥ್ಸ್ ತಗೊಳ್ಳುತ್ತಾರೆ. ಕೆಮಿಸ್ಟ್ರಿಗೆ ಅವರ ಸೊಸೆ, ಮಕ್ಕಳೆಲ್ಲ ಟೀಚರ್ ಅಂತ ಕರೆಯುವುದು. ಒಂದು ಬ್ಯಾಚ್‌ಗೆ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸುವುದಿಲ್ಲ. ಇದು ದೊಡ್ಡ ವಿಷಯ. ಶಾಲೆಯಲ್ಲಿ ಒಂದು ಬ್ಯಾಚ್‌ಗೆ 50 ಸೀಟು, ಹೆಚ್ಚುವರಿ ಸೀಟು ಸೇರಿದರೆ ಇನ್ನೂ ಜಾಸ್ತಿ. ಅಷ್ಟು ಜನರ ನಡುವೆ ಹಿಂದಿನ ಬೆಂಚಿನ ಹುಡುಗನಿಗೆ ಅರ್ಥವಾಯಿತೋ ಇಲ್ಲವೋ ಅಂತ ನೋಡಲು ಯಾವ ಟೀಚರ್‌ಗೆ ಸಮಯ ಇರುತ್ತದೆ, ನೀವೇ ಹೇಳಿ.

ಹತ್ತರಿಂದ ಹನ್ನೊಂದಕ್ಕೆ ಬರುವಾಗ ಮಕ್ಕಳು ಎಡವುವುದು ಯಾಕೆ ಅಂತ ಗೊತ್ತಿದ್ದರೆ ಈ ಟ್ಯೂಷನ್‌ನ ಬೆಲೆ ಗೊತ್ತಾಗುತ್ತದೆ. 2024ರಲ್ಲಿ ಕೇರಳದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ಶೇಕಡಾ 99.69. ಅದೇ ವರ್ಷ ಪ್ಲಸ್ ಟು ಪಾಸಾದವರು ಶೇಕಡಾ 78.69. ಎರಡೂ ಬೇರೆ ಬೇರೆ ಬ್ಯಾಚಿನ ಮಕ್ಕಳು, ಸರಿ. ಆದರೂ ಹತ್ತರಲ್ಲಿ ಎಲ್ಲದಕ್ಕೂ ಎ ಪ್ಲಸ್ ತಂದ ಮಗು ಪ್ಲಸ್ ವನ್‌ನ ಮೊದಲ ಪರೀಕ್ಷೆಯಲ್ಲಿ ಫಿಸಿಕ್ಸ್‌ಗೆ ಪಾಸ್ ಮಾರ್ಕಿನ ಹತ್ತಿರ ನಿಂತು ಅಳುವುದು ನಮ್ಮೂರಲ್ಲಿ ಹೊಸತೇನಲ್ಲ. ಅದರಲ್ಲೂ ಕನ್ನಡ ಮೀಡಿಯಂನಿಂದ ಬಂದವರಿಗೆ ಭಾರ ಎರಡು ಪಟ್ಟು. ಪುಸ್ತಕ ಇಂಗ್ಲಿಷ್‌ನಲ್ಲಿ, ಕ್ಲಾಸಿನಲ್ಲಿ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ, ಮಗು ಯೋಚನೆ ಮಾಡುವುದು ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಮಗುವಿಗೆ ಬುದ್ಧಿ ಕಡಿಮೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟೇ ಬರುತ್ತದೆ. ಅರ್ಧ ಕಷ್ಟ ಪಾಠದ್ದಲ್ಲವೇ ಅಲ್ಲ.

ನನಗೆ ತುಂಬಾ ಇಷ್ಟವಾದದ್ದು ಮಾಷ್ಟ್ರು ಸೇರಿಸಿಕೊಳ್ಳುವ ಮೊದಲು ಕೂರಿಸಿ ಮಾತಾಡುವ ಕ್ರಮ. ಏಕಜಾಲಕದಲ್ಲಿ, ಅಂದರೆ ಪ್ಲಸ್ ವನ್ ಸೀಟಿಗೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯಲ್ಲಿ, ಶಾಲೆ ಮತ್ತು ಕಾಂಬಿನೇಷನ್‌ನ ಆಪ್ಷನ್ ಹಾಕುವ ಮೊದಲೇ ಮಗುವನ್ನೂ ಅಪ್ಪ ಅಮ್ಮನನ್ನೂ ಕರೆಸುತ್ತಾರೆ. ಮುಂದೆ ಏನಾಗಬೇಕು ಅಂತ ಕೇಳುವುದಕ್ಕಿಂತ ಮೊದಲು ಹತ್ತನೆಯ ಕ್ಲಾಸಿನ ಗಣಿತದ ಪುಸ್ತಕ ತೆಗೆಸಿ, ತ್ರಿಕೋನಮಿತಿಯ ಒಂದೆರಡು ಲೆಕ್ಕ ಮಾಡಿಸುತ್ತಾರೆ. ಗ್ರೇಡ್ ನೋಡುವುದೇ ಇಲ್ಲ. ಲೆಕ್ಕದಲ್ಲಿ ಸಿಕ್ಕಿಬಿದ್ದಾಗ ಮಗು ಏನು ಮಾಡುತ್ತದೆ ಅಂತ ನೋಡುತ್ತಾರೆ, ಅಷ್ಟೆ. ಇನ್ನೊಮ್ಮೆ ಬೇರೆ ದಾರಿಯಲ್ಲಿ ನೋಡುತ್ತದಾ, ಅಥವಾ ಪೆನ್ನು ಕೆಳಗಿಟ್ಟು ಅಮ್ಮನ ಮುಖ ನೋಡುತ್ತದಾ.

ಆಮೇಲೆ ಕಾಂಬಿನೇಷನ್ ವಿಷಯ. ಬಯೋ ಮ್ಯಾಥ್ಸ್ ತಗೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತದೆ, ಡಾಕ್ಟರ್ ಆಗದಿದ್ದರೆ ಇಂಜಿನಿಯರ್ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಬಯಾಲಜಿ ಅಂದರೆ ಬಾಟನಿ ಬೇರೆ, ಝೂವಾಲಜಿ ಬೇರೆ. ಒಂದೊಂದಕ್ಕೂ 30 ಅಂಕದ ಪ್ರಶ್ನೆಪತ್ರಿಕೆ, ಒಂದೊಂದಕ್ಕೂ ಬೇರೆ ರೆಕಾರ್ಡ್ ಬುಕ್. ಅದರ ಜೊತೆ 80 ಅಂಕದ ಮ್ಯಾಥ್ಸ್. ನೀಟ್‌ಗೆ ಮ್ಯಾಥ್ಸ್ ಬೇಡ, ಇಂಜಿನಿಯರಿಂಗ್‌ಗೆ ಬಯಾಲಜಿ ಬೇಡ. ಎರಡನ್ನೂ ಎರಡು ವರ್ಷ ಎಳೆಯಲು ಮಗುವಿಗೆ ಮನಸ್ಸಿದೆಯಾ ಅಂತ ಮಾಷ್ಟ್ರು ಮಗುವನ್ನೇ ಕೇಳುತ್ತಾರೆ. ನಮ್ಮಮ್ಮ ಉತ್ತರ ಹೇಳಲು ಹೊರಟಾಗ, "ನೀವು ಸ್ವಲ್ಪ ಇರಿ ಅಮ್ಮ, ಅವನು ಹೇಳಲಿ" ಅಂದರು. ನನ್ನ ತಮ್ಮ ಕಂಪ್ಯೂಟರ್ ಸೈನ್ಸ್ ಅಂದ. ಅದರಲ್ಲಿ ಸಿ ಪ್ಲಸ್ ಪ್ಲಸ್ ಇದೆ, ಪ್ಲಸ್ ಟುಗೆ ಬಂದಾಗ ವೆಬ್ ಪೇಜ್ ಮಾಡುವುದು, ಡೇಟಾಬೇಸ್ ಎಲ್ಲ ಬರುತ್ತದೆ, ಸುಮ್ನೆ ಕಂಪ್ಯೂಟರ್ ಮುಂದೆ ಕೂರುವುದು ಅಂತ ತಿಳಿದು ಬರಬೇಡ ಅಂತ ಅವನಿಗೂ ಹೇಳಿದರು.

ಇದೆಲ್ಲ ಫೀಸಿಗೆ ಸೇರಿದ ಕೆಲಸವೇ ಅಲ್ಲ. ಮಗು ಟ್ಯೂಷನ್‌ಗೆ ಸೇರದಿದ್ದರೂ ಇಷ್ಟು ಹೇಳಿ ಕಳಿಸುತ್ತಾರೆ. ಆಪ್ಷನ್ ಹಾಕುವಾಗ ಶಾಲೆಯಲ್ಲಿ ಎರಡನೇ ಭಾಷೆಯಾಗಿ ಕನ್ನಡ ಇದೆಯಾ ನೋಡಿ ಅಂತ ನೆನಪಿಸಿದವರೂ ಅವರೇ. ಮೊದಲನೇ ಆಪ್ಷನ್ನೇ ಸಿಕ್ಕಿದರೆ ಖಾಯಂ ಸೇರಲೇಬೇಕು. ಕೆಳಗಿನದು ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮುಂದಿನ ಅಲಾಟ್‌ಮೆಂಟ್‌ಗೆ ಕಾಯಬಹುದು. ಆಮೇಲೆ ಶಾಲೆ ಅಥವಾ ಕಾಂಬಿನೇಷನ್ ಬದಲಿಸಲು ಟ್ರಾನ್ಸ್‌ಫರ್‌ಗೂ ಅವಕಾಶ ಬರುತ್ತದೆ. ಇಷ್ಟು ಗೊತ್ತಿಲ್ಲದೆ, ಸಿಕ್ಕಿದ್ದರಲ್ಲೇ ಎರಡು ವರ್ಷ ಕಷ್ಟಪಟ್ಟ ಮಕ್ಕಳಿದ್ದಾರೆ.

ಇನ್ನು ಪಾಠ. ಪ್ಲಸ್ ವನ್ ಫಿಸಿಕ್ಸ್ ಪುಸ್ತಕ ತೆರೆದರೆ ಎರಡನೇ ಪಾಠದಲ್ಲೇ ವೇಗ ಅಂದರೆ ಡಿಎಕ್ಸ್ ಬೈ ಡಿಟಿ ಅಂತ ಬರುತ್ತದೆ. ಅದು ಡಿಫರೆನ್ಷಿಯೇಷನ್, ಅಂದರೆ ಒಂದು ಅಳತೆ ಎಷ್ಟು ಬೇಗ ಬದಲಾಗುತ್ತದೆ ಅಂತ ಕಂಡುಹಿಡಿಯುವ ಗಣಿತ. ಮ್ಯಾಥ್ಸ್ ಪುಸ್ತಕದಲ್ಲಿ ಆ ಪಾಠ ಇರುವುದು ವರ್ಷದ ಕೊನೆಯ ಹೊತ್ತಿಗೆ. ಫಿಸಿಕ್ಸ್‌ನವರು ಇದು ಮ್ಯಾಥ್ಸ್‌ನಲ್ಲಿ ಬರುತ್ತದೆ ಅಂತ ಮುಂದೆ ಹೋಗುತ್ತಾರೆ, ಮ್ಯಾಥ್ಸ್‌ನವರು ಸೆಟ್ಸ್‌ನಿಂದ ಶುರು ಮಾಡುತ್ತಾರೆ. ನಡುವೆ ಮಗು ನೀರಿಲ್ಲದ ಬಾವಿಗೆ ಬಿದ್ದ ಹಾಗೆ. ಎಷ್ಟೋ ಮಕ್ಕಳು ಫಿಸಿಕ್ಸ್ ನನ್ನಿಂದಾಗದು ಅಂತ ತೀರ್ಮಾನ ಮಾಡುವುದು ಇಲ್ಲೇ. ಮಾಷ್ಟ್ರು ಶಾಲೆ ಶುರುವಾಗುವ ಮೊದಲೇ, ಅಲಾಟ್‌ಮೆಂಟ್‌ಗೆ ಕಾಯುವ ದಿನಗಳಲ್ಲಿ, ಇದಕ್ಕೆ ಬೇಕಾದ ಗಣಿತ ಮಾತ್ರ ಮಾಡಿಸುತ್ತಾರೆ. ಗ್ರಾಫ್ ಎಳೆಯುವುದು, ಗೆರೆಯ ಓರೆ ಅಳೆಯುವುದು, ಸೈನ್ ಕಾಸ್, ಸ್ವಲ್ಪ ಡಿಫರೆನ್ಷಿಯೇಷನ್, ಹತ್ತರ ಘಾತಗಳಲ್ಲಿ ಲೆಕ್ಕ. ಪುಸ್ತಕ ಮುಟ್ಟುವುದೇ ಇಲ್ಲ. ಆಗ ಕೆಲವು ಅಪ್ಪಂದಿರು ಪಾಠ ಯಾವಾಗ ಶುರು ಅಂತ ಕೇಳುತ್ತಾರಂತೆ. ಜುಲೈಯಲ್ಲಿ ಉಳಿದ ಮಕ್ಕಳು ಪರದಾಡುವಾಗ ಇವರ ಮಕ್ಕಳು ಲೆಕ್ಕ ಮಾಡುತ್ತಿರುತ್ತಾರೆ.

ಒಂದು ಸಂಜೆ ತಮ್ಮನನ್ನು ಕರೆದುಕೊಂಡು ಬರಲು ಹೋದಾಗ ಘರ್ಷಣೆಯ ಪಾಠ ನಡೆಯುತ್ತಿತ್ತು. ಬಾಗಿಲ ಬಳಿ ಕೂತು ನೋಡಿದೆ. ಮಾಷ್ಟ್ರು ಒಂದು ಹಲಗೆ ತಂದು ಅದರ ಮೇಲೆ ಒಬ್ಬಳ ಜಾಮೆಟ್ರಿ ಬಾಕ್ಸ್ ಇಟ್ಟರು. ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋದರು. ಒಂದು ಹಂತಕ್ಕೆ ಬಾಕ್ಸ್ ಜಾರಿತು. ಅಲ್ಲೇ ಹಿಡಿದು ನಿಲ್ಲಿಸಿ, ತುದಿಯ ಎತ್ತರವನ್ನೂ ನೆಲದ ಮೇಲಿನ ದೂರವನ್ನೂ ಸ್ಕೇಲಿನಲ್ಲಿ ಅಳೆಯಲು ಹೇಳಿದರು. 27 ಸೆಂಟಿಮೀಟರ್, 90 ಸೆಂಟಿಮೀಟರ್. ಭಾಗಿಸಿದರೆ 0.3. ಅದನ್ನು ಕರಿಹಲಗೆಯಲ್ಲಿ ಬರೆದಿಟ್ಟರು. ಆಮೇಲೆ ಅಂಗಳದಿಂದ ಜಲ್ಲಿಕಲ್ಲು ತರಿಸಿ ಬಾಕ್ಸ್ ತುಂಬಿಸಿ, "ಈಗ ಬೇಗ ಜಾರುತ್ತದಾ, ತಡವಾಗಿ ಜಾರುತ್ತದಾ?" ಅಂತ ಕೇಳಿದರು. ಅರ್ಧ ಕ್ಲಾಸು ಬೇಗ ಅಂದಿತು. ಉಳಿದವರು ತಡವಾಗಿ ಅಂದರು. ಎತ್ತಿದರು. ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಜಾರಿತು. ಮಕ್ಕಳ ಮುಖ ನೋಡಬೇಕಿತ್ತು. ಅದಾದ ಮೇಲೆಯೇ ಬಲವನ್ನು ಎರಡು ದಿಕ್ಕಿಗೆ ಬಿಡಿಸಿ, ಜಾರಿಸುವ ಕಡೆಗೆ ಎಂಜಿ ಸೈನ್ ಥೀಟಾ, ಹಲಗೆಯನ್ನು ಒತ್ತುವ ಕಡೆಗೆ ಎಂಜಿ ಕಾಸ್ ಥೀಟಾ ಅಂತ ಬರೆದರು (ಎಂ ಅಂದರೆ ಬಾಕ್ಸಿನ ದ್ರವ್ಯರಾಶಿ, ಎಂಜಿ ಅದರ ತೂಕ, ಥೀಟಾ ಹಲಗೆಯ ಓರೆಯ ಕೋನ). ಭಾಗಿಸಿದಾಗ ಎಂ ಹೊರಟುಹೋಯಿತು, ಉಳಿದದ್ದು ಟ್ಯಾನ್ ಥೀಟಾ. ಆ ಟ್ಯಾನ್ ಥೀಟಾವೇ ಮೊದಲು ಅಳೆದು ಬರೆದಿಟ್ಟ 0.3. ಹಲಗೆ, ಬಾಕ್ಸ್, ಸ್ಕೇಲು, ಒಂದು ರೂಪಾಯಿ ಖರ್ಚಿಲ್ಲ. ಇದನ್ನು ನೋಡಿದ ಮಗು ಫಾರ್ಮುಲಾ ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಕೆಮಿಸ್ಟ್ರಿ ಟೀಚರ್ ಮಾತು ಕಡಿಮೆ, ಲೆಕ್ಕ ಜಾಸ್ತಿ. ಪ್ಲಸ್ ವನ್ ಕೆಮಿಸ್ಟ್ರಿಯ ಮೊದಲ ಪಾಠದಲ್ಲೇ ಮೋಲ್ ಬರುತ್ತದೆ. 18 ಗ್ರಾಂ ನೀರು ಅಂದರೆ ಒಂದು ಮೋಲ್, ಅದರಲ್ಲಿ 6.022 × 10²³ ಅಣುಗಳು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಕಷ್ಟ ಆಗುವುದು ಮುಂದೆ, ಯಾವ ವಸ್ತು ಮೊದಲು ಮುಗಿಯುತ್ತದೆ ಅಂತ ಕಂಡುಹಿಡಿಯುವ ಲೆಕ್ಕದಲ್ಲಿ. 4 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ಕೊಟ್ಟರೆ ನೀರು ಎಷ್ಟು? ಕೂಡಿಸಿ 20 ಅಂತ ಬರೆಯುವವರೇ ಹೆಚ್ಚು. ಟೀಚರ್ ಮೊದಲು ಗ್ರಾಮನ್ನು ಮೋಲ್ ಮಾಡಿಸುತ್ತಾರೆ. ಎರಡು ಮೋಲ್ ಹೈಡ್ರೋಜನ್ ಇದೆ, ಅರ್ಧ ಮೋಲ್ ಆಕ್ಸಿಜನ್ ಇದೆ. ಅರ್ಧ ಮೋಲ್ ಆಕ್ಸಿಜನ್‌ಗೆ ಒಂದು ಮೋಲ್ ಹೈಡ್ರೋಜನ್ ಸಾಕು. ಹಾಗಾಗಿ ನೀರು 18 ಗ್ರಾಂ, ಹೈಡ್ರೋಜನ್ 2 ಗ್ರಾಂ ಸುಮ್ನೆ ಉಳಿಯಿತು. ಹೀಗೆ ಒಂದೊಂದು ಮಗುವನ್ನೂ ಕರಿಹಲಗೆಯ ಹತ್ತಿರ ಕರೆದು, ಅಂಕಿ ಬದಲಿಸಿ ಮಾಡಿಸುತ್ತಾರೆ. ತಪ್ಪಾದರೆ ಬೈಯುವುದಿಲ್ಲ, ಒರೆಸಲೂ ಬಿಡುವುದಿಲ್ಲ. ತಪ್ಪಿದ ಸಾಲು ಯಾವುದು ಅಂತ ಅದೇ ಮಗು ಗೆರೆ ಹಾಕಿ ತೋರಿಸಬೇಕು. ನಾಚಿಕೆ ಸ್ವಭಾವದ ಮಕ್ಕಳಿಗೆ ಮೊದಲ ತಿಂಗಳು ಇದು ಕಷ್ಟ. ನನ್ನ ತಮ್ಮ ಹೋಗುವುದೇ ಇಲ್ಲ ಅಂತ ಹಟ ಮಾಡಿದ್ದ. ಓಣಂ ರಜೆಯ ಹೊತ್ತಿಗೆ ಅವನೇ ಮೊದಲು ಎದ್ದು ಹೋಗುತ್ತಿದ್ದ.

ನೋಟ್ಸ್ ಕೊಡುವುದಿಲ್ಲ. ಈ ವಿಷಯದಲ್ಲಿ ತುಂಬಾ ಜನ ಇವರ ಮೇಲೆ ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಅದರ ಬದಲು ಮಾಡಿಸುವ ಕೆಲಸ ನೋಡಿ. ಎನ್‌ಸಿಇಆರ್‌ಟಿ ಪುಸ್ತಕದ ಒಂದು ಪುಟ ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಅದನ್ನು ಪುಸ್ತಕ ಮುಚ್ಚಿ ಕನ್ನಡದಲ್ಲಿ ಹೇಳಬೇಕು. ಟರ್ಮ್‌ಗಳು ಇಂಗ್ಲಿಷ್‌ನಲ್ಲೇ ಇರಲಿ, ನಡುವಿನ ಮಾತು ನಿಮ್ಮದಾಗಿರಲಿ ಅನ್ನುತ್ತಾರೆ. ನಿಧಾನದ ಕೆಲಸ ಇದು. ಗೈಡ್ ಓದಿದರೆ ಬೇಗ ಆಗುತ್ತದೆ. ಆದರೆ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಗೈಡ್ ಓದಿದವರು ಪ್ರಶ್ನೆ ಅರ್ಥವಾಗದೆ ಬಿಡುತ್ತಾರೆ, ಲೆಕ್ಕ ಬಾರದೆ ಅಲ್ಲ. ಕನ್ನಡ ಮೀಡಿಯಂ ಮಕ್ಕಳು ಮಾರ್ಕ್ ಕಳಕೊಳ್ಳುವುದು ಹೆಚ್ಚಾಗಿ ಅಲ್ಲೇ.

ಶನಿವಾರ ಟೆಸ್ಟ್. ನಿಜವಾದ ಪರೀಕ್ಷೆಯ ಹಾಗೆಯೇ ಮೊದಲ 15 ನಿಮಿಷ ಕೂಲ್ ಆಫ್ ಟೈಮ್, ಪೆನ್ನು ಮುಟ್ಟುವ ಹಾಗಿಲ್ಲ. ಆ ಹೊತ್ತಿನಲ್ಲಿ ಯಾವ ಪ್ರಶ್ನೆ ಬರೆಯುವುದು, ಯಾವುದು ಬಿಡುವುದು ಅಂತ ಆರಿಸಿಕೊಳ್ಳುವುದನ್ನೂ ಒಂದು ಪಾಠದ ಹಾಗೆಯೇ ಕಲಿಸುತ್ತಾರೆ. ಫಿಸಿಕ್ಸ್ ಥಿಯರಿಗೆ 60, ಪಾಸಿಗೆ 18 ಬೇಕು. ಬರೀ ಪಾಸಿಗೆ ಒದ್ದಾಡುವ ಮಗುವಿಗೂ ಯಾವ ಪಾಠ ಮೊದಲು ಗಟ್ಟಿ ಮಾಡಬೇಕು ಅಂತ ಬೇರೆಯಾಗಿ ಕೂತು ಹೇಳುತ್ತಾರೆ. ಪ್ಲಸ್ ವನ್‌ನಲ್ಲಿ ಕಡಿಮೆ ಬಂದರೆ ಮೂರು ವಿಷಯಗಳಿಗೆ ಇಂಪ್ರೂವ್‌ಮೆಂಟ್, ಅಂದರೆ ಅಂಕ ಹೆಚ್ಚಿಸಿಕೊಳ್ಳುವ ಪರೀಕ್ಷೆ, ಬರೆಯಬಹುದು. ಅದಕ್ಕೆ ಅಂತಲೇ ಬೇರೆ ಫೀಸ್ ತಗೊಳ್ಳದೆ ಪುನಃ ಪಾಠ ಮಾಡಿದರು.

ಈಗ ಕೊರತೆಗಳು. ಬಯಾಲಜಿಗೆ ಹೊರಗಿನಿಂದ ಒಬ್ಬರು ಬರುತ್ತಾರೆ, ವಾರಕ್ಕೆ ಒಂದೇ ಕ್ಲಾಸ್, ಅದೂ ಕೆಲವು ವಾರ ತಪ್ಪುತ್ತದೆ. ಬಾಟನಿಯಲ್ಲಿ ಚಿತ್ರ ಬರೆಸುವುದೇ ಇಲ್ಲ ಅಂತ ತಮ್ಮನ ಗೆಳತಿಯೊಬ್ಬಳು ಹೇಳಿದಳು. ಪ್ರಾಕ್ಟಿಕಲ್‌ಗೆ ಇಲ್ಲಿಂದ ಸಹಾಯ ಸ್ವಲ್ಪವೇ. ವರ್ನಿಯರ್ ಕ್ಯಾಲಿಪರ್ಸ್ ಮತ್ತು ಸ್ಕ್ರೂ ಗೇಜ್ ಮಾಷ್ಟ್ರ ಹತ್ತಿರ ಇದೆ, ಅಳತೆ ಕೈ ಹಿಡಿದು ಕಲಿಸುತ್ತಾರೆ. ಆದರೆ ಪ್ಲಸ್ ಟುನ ಸಾಲ್ಟ್ ಅನಾಲಿಸಿಸ್‌ಗೆ (ಕೊಟ್ಟ ಲವಣ ಯಾವುದು ಅಂತ ಪರೀಕ್ಷಿಸಿ ಹೇಳುವುದು) ಶಾಲೆಯ ಲ್ಯಾಬ್ ಒಂದೇ ಗತಿ. ಪ್ರಾಕ್ಟಿಕಲ್‌ಗೆ 40 ಅಂಕ ಇರುವಾಗ ಇದು ಸಣ್ಣ ವಿಷಯ ಅಲ್ಲ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬಿದ್ದರೆ ಹಿಂದೆ ಕೂತವರಿಗೆ ಒಂದು ಮಾತೂ ಕೇಳಿಸದು. ಜೂನ್, ಜುಲೈಯಲ್ಲಿ ಕಲೆಕ್ಟರ್ ರಜೆ ಕೊಟ್ಟ ದಿನ ಟ್ಯೂಷನ್ ಕೂಡಾ ಇಲ್ಲ, ಆ ಪಾಠ ಭಾನುವಾರಕ್ಕೆ ಹೋಗುತ್ತದೆ. ಸಂಜೆ ಕ್ಲಾಸ್ ಮುಗಿಯುವಾಗ ಕತ್ತಲಾಗಿರುತ್ತದೆ. ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವವರು ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ. ಹೆಣ್ಣುಮಕ್ಕಳನ್ನು ಬಸ್ ಸ್ಟಾಪ್‌ವರೆಗೆ ಒಟ್ಟಿಗೆ ಕಳಿಸುತ್ತಾರೆ, ಅಷ್ಟು ಕಾಳಜಿ ಇದೆ. ಆದರೂ ಬೆಳಗ್ಗಿನ ಬ್ಯಾಚ್ ಒಂದು ಇದ್ದಿದ್ದರೆ ತುಂಬಾ ಚೆನ್ನಾಗಿರುತ್ತಿತ್ತು.

ನೀಟ್ ವಿಷಯ ಬಿಡಿಸಿ ಹೇಳಬೇಕು. ನೀಟ್ ಅಂದರೆ ಮೂರು ಗಂಟೆಯಲ್ಲಿ 180 ಪ್ರಶ್ನೆ, ಒಟ್ಟು 720 ಅಂಕ, ಅದರಲ್ಲಿ ಅರ್ಧ ಬಯಾಲಜಿ. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಡಿತ. ಅದಕ್ಕೆ ವೇಗ ಬೇಕು, ನೂರಾರು ಪ್ರಶ್ನೆಪತ್ರಿಕೆಗಳ ಅಭ್ಯಾಸ ಬೇಕು. ಈ ಟ್ಯೂಷನ್‌ನಲ್ಲಿ ಬೇರು ಗಟ್ಟಿಯಾಗುತ್ತದೆ, ವೇಗ ಬರುವುದಿಲ್ಲ. ಮಾಷ್ಟ್ರೇ ಅದನ್ನು ನೇರವಾಗಿ ಹೇಳುತ್ತಾರೆ. ನೀಟ್ ಬರೆಯುವವರಿಗೆ ಒಂದು ಮಾತು. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಇದೆ ನಿಜ, ಆದರೆ ಅದು ಸಿಗುವುದು ಕರ್ನಾಟಕದ ಸೆಂಟರ್‌ಗಳಲ್ಲಿ. ಕನ್ನಡದ ಪೇಪರ್ ಬೇಕಿದ್ದರೆ ಅರ್ಜಿಯಲ್ಲಿ ಮಂಗಳೂರಿನಂಥ ಸೆಂಟರ್ ಹಾಕಬೇಕು.

ಹೋಲಿಸಿ ನೋಡಲು ಹೇಳುತ್ತೇನೆ. ಇದಕ್ಕೆ ಮೊದಲು ತಮ್ಮನನ್ನು ಪೇಟೆಯ ಒಂದು ದೊಡ್ಡ ಕೋಚಿಂಗ್ ಸೆಂಟರ್‌ಗೆ ಸೇರಿಸಿದ್ದೆವು. ಎಸಿ ಕೋಣೆ, ದಪ್ಪ ದಪ್ಪ ಮೆಟೀರಿಯಲ್, ಬ್ಯಾಗು, ಟೀಶರ್ಟು. ಪಾಠ ಪೂರ್ತಿ ಸ್ಕ್ರೀನಿನ ಮೇಲೆ ಓಡುತ್ತಿತ್ತು. ಡೌಟ್ ಕೇಳಲು ಬೇರೆ ಸಮಯ, ಆ ಸಮಯಕ್ಕೆ ಹೋದರೆ ಯಾರೂ ಇಲ್ಲ. ಮೊದಲ ಟೆಸ್ಟ್ ಆದ ಮೇಲೆ ಮಾರ್ಕ್ ಪ್ರಕಾರ ಬ್ಯಾಚ್ ಬೇರೆ ಮಾಡಿದರು, ಕೆಳಗಿನ ಬ್ಯಾಚ್‌ಗೆ ಕಲಿಸಲು ಹೊಸಬರನ್ನು ಹಾಕಿದರು. ಬಿಟ್ಟಾಗ ಮುಂಗಡ ಕಟ್ಟಿದ ಹಣ ವಾಪಸ್ ಬರಲಿಲ್ಲ. ಮಾಷ್ಟ್ರಲ್ಲಿ ಒಂದು ವಿಷಯಕ್ಕೆ ತಿಂಗಳಿಗೆ 500 ರೂಪಾಯಿ, ಆಯಾ ತಿಂಗಳು ಕೊಟ್ಟರೆ ಸಾಕು. ಅಡಿಕೆ ಮಾರಿ ಕೊಡುತ್ತೇನೆ ಅಂದವರಿಗೆ ಕಾಯುತ್ತಾರೆ ಕೂಡಾ.

ನಮ್ಮಲ್ಲಿ ತೋಟ ಇರುವ ಮನೆಯ ಮಕ್ಕಳು ಸುಮಾರು ಜನ ಬಿಎಸ್ಸಿ ಅಗ್ರಿಕಲ್ಚರ್ ಕೇಳುತ್ತಾರೆ. ಅಂಥವರಿಗೆ ಮಾಷ್ಟ್ರು ಬಯಾಲಜಿ ಬಿಡಬೇಡಿ ಅನ್ನುತ್ತಾರೆ. ಕೇರಳದಲ್ಲಿ ಅದಕ್ಕೆ ನೀಟ್ ಅಂಕ ನೋಡುತ್ತಾರೆ, ಕರ್ನಾಟಕದಲ್ಲಿ ಕೆಸಿಇಟಿ. ಗಡಿನಾಡ ಕನ್ನಡಿಗರು ಅಂತ ನಾವು ಕೆಸಿಇಟಿಗೆ ಅರ್ಜಿ ಹಾಕಬಹುದು, ಅದಕ್ಕೆ ಬೇರೆ ಒಂದು ಕನ್ನಡ ಪರೀಕ್ಷೆ ಬರೆಯಬೇಕು. ಕನ್ನಡದಲ್ಲಿ ಓದಿದ್ದು ಎಲ್ಲೂ ಉಪಯೋಗಕ್ಕೆ ಬಾರದು ಅಂತ ಮಕ್ಕಳು ಕೊರಗುವಾಗ ಇಂಥ ಮಾಹಿತಿ ಕೊಡುವವರು ಬೇಕು. ದಾಖಲೆಗಳನ್ನು ಪ್ಲಸ್ ಟು ಪರೀಕ್ಷೆಯ ಗಡಿಬಿಡಿಗೆ ಮೊದಲೇ ಮಾಡಿಸಿಡಿ ಅಂತ ಡಿಸೆಂಬರ್‌ನಲ್ಲೇ ಎಲ್ಲರಿಗೂ ಹೇಳಿದ್ದರು, ನಮ್ಮ ಮನೆಯಲ್ಲಿ ಅದರಿಂದ ದೊಡ್ಡ ಉಪಕಾರವಾಯಿತು.

ಸೇರಿಸುವ ಮನಸ್ಸಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಕೂಡಲೇ ಹೋಗಿ ಹೇಳಿಡಿ. ರಿಸಲ್ಟ್ ಬಂದ ಮೇಲೆ ಹೋದರೆ ಸೀಟು ಸಿಗುವುದು ಕಷ್ಟ. ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಅಪ್ಪ ಅಮ್ಮ ಮಾತ್ರ ಹೋದರೆ ವಾಪಸ್ ಕಳಿಸುತ್ತಾರೆ. ಹತ್ತನೆಯ ಗಣಿತದ ಪುಸ್ತಕ ಮತ್ತು ಒಂದು ಖಾಲಿ ನೋಟ್‌ಬುಕ್ ಕೈಯಲ್ಲಿರಲಿ. ಭಾನುವಾರ ಮಧ್ಯಾಹ್ನದ ಮೇಲೆ ಮಾಷ್ಟ್ರು ಮನೆಯಲ್ಲೇ ಇರುತ್ತಾರೆ.